ಹಾಲು ಒಳಗೆ, ಮಗು ಹೊರಗೆ

ಮಾನ್ಯ ಆಸ್ಪತ್ರೆ ಆಡಳಿತಾಧಿಕಾರಿಗಳೇ,

ಮೂರು ತಿಂಗಳ ಹಸುಗೂಸಿಗೆ ನಿಮ್ಮ ಆಸ್ಪತ್ರೆಯೊಳಗೆ ಪ್ರವೇಶವಿಲ್ಲ. ಆದರೆ ಅದಕ್ಕೆ ಹಾಲುಣಿಸುವ ಕೋಣೆ ಮಾತ್ರ ಒಳಗೇ ಇದೆ. ಈ ಏರ್ಪಾಡನ್ನು ಯೋಚಿಸಿದವರು ಯಾರೇ ಆಗಿರಲಿ, ಅವರಿಗೆ ನನ್ನದೊಂದು ನಮಸ್ಕಾರ. ಆ ಕೋಣೆಗೂ ಬೀಗ ಹಾಕಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ. ಒಂದೇ ಉಸಿರಿನಲ್ಲಿ ಅಷ್ಟೊಂದು ಹೊಗಳಿದರೆ ತಮಗೆ ಮುಜುಗರವಾದೀತು.

ಅಹಮದಾಬಾದಿನಲ್ಲಿ ಕುಳಿತು ಇವಳೇಕೆ ಕನ್ನಡದಲ್ಲಿ ಬರೆಯುತ್ತಾಳೆ ಎನ್ನುವಿರೋ? ನನ್ನ ಪತಿ ಹೃಷಿಕೇಶರಿಗೆ ಬ್ಯಾಂಕಿನಲ್ಲಿ ವರ್ಗವಾಗಿ ನಾವು ಮಣಿನಗರಕ್ಕೆ ಬಂದೆವು. ನನ್ನ ಗುಜರಾತಿ ತರಕಾರಿ ಕೊಳ್ಳಲು ಸಾಕು, ಜಗಳಕ್ಕೆ ಸಾಲದು. ಇದನ್ನು ಅನುವಾದಿಸಿ ತಮಗೆ ತಲುಪಿಸಲು ಅವರು ಒಪ್ಪಿದ್ದಾರೆ. ಆದರೆ ಖಾರವನ್ನೆಲ್ಲ ತೆಗೆದು ಸಕ್ಕರೆ ಬೆರೆಸಿಯಾರು ಎಂಬ ಅನುಮಾನ ನನಗಿದೆ. ಈ ಊರಿನ ಸಿಹಿ ಬೇಳೆಸಾರಿಗೆ ಅವರು ಅಷ್ಟು ಒಗ್ಗಿಹೋಗಿದ್ದಾರೆ. ಹಾಗಾಗಿ ಮೂಲವನ್ನು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಎಲ್ಲರೆದುರಿಗೇ ಇಡುತ್ತಿದ್ದೇನೆ.

ಕಳೆದ ವಾರ ಮಗಳು ಮೇದಿನಿಗೆ ಹಾಲು ಕುಡಿಸುವಾಗ ಎಡ ಎದೆಯಲ್ಲಿ ನೆಲ್ಲಿಕಾಯಿಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ನೋವಿಲ್ಲ, ಜ್ವರವಿಲ್ಲ. ನೋವಿದ್ದಿದ್ದರೆ ಅಷ್ಟು ಹೆದರುತ್ತಿರಲಿಲ್ಲವೇನೋ. ನಮ್ಮ ಬೀದಿಯ ಡಾಕ್ಟರಮ್ಮ ಒತ್ತಿ ನೋಡಿ, "ಗಾಂಠ್ ಛೇ, ಸೋನೋಗ್ರಫಿ ಕರಾವೊ" ಎಂದರು. ಗಂಟಿದೆ, ಸ್ಕ್ಯಾನ್ ಮಾಡಿಸಿ ಎಂದಷ್ಟೇ ಅರ್ಥ. ಆದರೆ ಇಲ್ಲಿನ ಜನ ಗಾಂಠ್ ಎಂಬ ಮಾತನ್ನು ದನಿ ತಗ್ಗಿಸಿ ಹೇಳುವುದು ಯಾವ ಕಾಯಿಲೆಗೆ ಎಂದು ನನಗೆ ಗೊತ್ತಿತ್ತು. ಪಕ್ಕದಲ್ಲಿದ್ದವರು ಬಾಣಂತನಕ್ಕೆಂದು ಉಡುಪಿಯಿಂದ ಬಂದ ನನ್ನ ಅಮ್ಮ, ನಾಗವೇಣಿ. ಅವರಿಗೆ ಬರುವ ಗುಜರಾತಿಯೆಂದರೆ ತಿಂಡಿಗಳ ಹೆಸರು ಮಾತ್ರ.

"ಎಂತ ಮಾರಾಯ್ತಿ, ಬಾಣಂತಿ ಕರಿದದ್ದು ತಿನ್ಬಾರ್ದು ಅಂತ ಎಷ್ಟು ಸಲ ಹೇಳಿದ್ದೇನೆ! ಈಗ ನೋಡು, ಗಾಂಠಿಯಾದಿಂದಲೇ ಆದದ್ದು ಅಂತ ಡಾಕ್ಟ್ರೇ ಹೇಳಿದ್ರು!"

ಕಡಲೆಹಿಟ್ಟಿನ ಆ ಕುರುಕಲನ್ನು ನಾನು ಕದ್ದು ತಿನ್ನುತ್ತಿದ್ದುದು ನಿಜ. ಅಳುವೂ ನಗುವೂ ಒಟ್ಟಿಗೇ ಬಂದವು. ಅಮ್ಮನನ್ನು ತಿದ್ದಲು ಧೈರ್ಯ ಸಾಲಲಿಲ್ಲ. ಅವರು ಗಾಂಠಿಯಾವನ್ನೂ ನಾನು ಕ್ಯಾನ್ಸರನ್ನೂ ಶಪಿಸುತ್ತ ಮರುದಿನ ನಿಮ್ಮ ಬಾಗಿಲಿಗೆ ಬಂದೆವು.

ಬಾಗಿಲಲ್ಲಿ ಕಾವಲುಗಾರ ಕೈ ಅಡ್ಡ ಹಿಡಿದ. ಹನ್ನೆರಡು ವರ್ಷದೊಳಗಿನವರಿಗೆ ಪ್ರವೇಶವಿಲ್ಲವಂತೆ. ಅಮ್ಮ ಮಗುವನ್ನು ಅವನ ಮುಖದ ಮುಂದೆ ಎತ್ತಿ ಹಿಡಿದು, "ನೀನು ಹುಟ್ಟಿದಾಗ ಎಂತ ಕುಡಿದದ್ದು ಮಾರಾಯಾ, ಚಹಾವಾ?" ಎಂದು ಅಪ್ಪಟ ಉಡುಪಿ ಕನ್ನಡದಲ್ಲಿ ಕೇಳಿದರು. ಅವನು ಅಷ್ಟೇ ವಿನಯದಿಂದ, "ಮಾಸಿ, ಸಾಹೇಬ್‌ನೋ ಓರ್ಡರ್ ಛೇ" ಎಂದ. ಆ ಸಾಹೇಬರು ತಾವೇ. ಅಮ್ಮ, ಮಗು ಹೊರಗೆ ಉಳಿದರು. ನಾನು ಒಳಗೆ ಹೋದೆ.

ಸ್ಕ್ಯಾನ್ ಕೋಣೆಯೆದುರಿನ ಬೆಂಚಿನಲ್ಲಿ ಕುಳಿತಿದ್ದಾಗ ಹೊರಗೆ ಮೇದಿನಿ ಅಳತೊಡಗಿದಳು. ಆ ದನಿ ಕೇಳಿದ್ದೇ ತಡ, ಹಾಲಿಳಿದು ಕುರ್ತಾ ಒದ್ದೆಯಾಯಿತು. ಬೆಳಗ್ಗೆ ಕುಡಿಸಿದ್ದೇ ಕೊನೆಯದಾಗಿಬಿಟ್ಟರೆ? ಔಷಧ ಶುರುವಾದರೆ ಹಾಲು ಬಿಡಿಸಬೇಕಾಗುತ್ತದಲ್ಲ? ಈ ಮಗು ನನ್ನನ್ನು ಗುರುತು ಹಿಡಿಯುವಷ್ಟಾದರೂ ದೊಡ್ಡದಾಗುವವರೆಗೆ ನಾನು ಇರುತ್ತೇನೆಯೇ? ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಬಹಳ ಹೆದರಿದ್ದೆ. ಎದುರಿನ ಬಾಗಿಲ ಮೇಲೆ 'ಸ್ತನ್ಯಪಾನ ಕೊಠಡಿ' ಎಂದು ಮೂರು ಭಾಷೆಗಳಲ್ಲಿ ಬರೆದಿತ್ತು, ಕೆಳಗೊಂದು ಬೀಗ. ಕಿಟಕಿಯಲ್ಲಿ ಇಣುಕಿದೆ. ಸ್ತನ್ಯಪಾನ ಸಪ್ತಾಹದ ಬ್ಯಾನರುಗಳು ಒಳಗೆ ಸುರುಳಿ ಸುತ್ತಿಕೊಂಡು ಹಾಯಾಗಿ ಮಲಗಿದ್ದವು.

ಕೊನೆಗೂ ನನ್ನ ಸರದಿ ಬಂತು. ಸ್ಕ್ಯಾನ್ ಮಾಡಿದ ವೈದ್ಯೆ ಪರದೆಯನ್ನು ನೋಡಿ ನಕ್ಕೇಬಿಟ್ಟರು. ಅದು ಹಾಲು ಕಟ್ಟಿಕೊಂಡು ಆದ ಗಂಟಂತೆ, ಬೇರೇನೂ ಅಲ್ಲ. ಸೋಮವಾರ ಇನ್ನೊಮ್ಮೆ ನೋಡೋಣ, ಕರಗದಿದ್ದರೆ ಸೂಜಿಯಿಂದ ತೆಗೆದರಾಯಿತು ಎಂದರು. ಔಷಧ ಏನು ಎಂದು ಕೇಳಿದೆ. "ಔಷಧವೇನೂ ಬೇಡ. ಮಗುವಿಗೆ ಆಗಾಗ ಕುಡಿಸುತ್ತಿರಿ, ಹಾಲು ತಡೆದು ನಿಲ್ಲಿಸಬೇಡಿ. ಎಲ್ಲಿದೆ ಮಗು?"

ಎಲ್ಲಿದೆ ಎಂದು ತಾವೇ ಹೇಳಿ, ಸ್ವಾಮಿ. ನನಗೆ ಬೇಕಾದ ಚಿಕಿತ್ಸೆಯನ್ನು ತಮ್ಮ ಆದೇಶ ಗೇಟಿನಾಚೆ ಬಿಸಿಲಿನಲ್ಲಿ ನಿಲ್ಲಿಸಿತ್ತು. ನಾನು ಓಡಿದೆ. ಹೊರಗೆ ನಿಂತಿದ್ದ ರಿಕ್ಷಾದೊಳಗೆ ಕುಳಿತು ಮಗುವನ್ನು ಎದೆಗೆ ಹಿಡಿದೆ. ಅಮ್ಮ ಸೆರಗು ಬಿಡಿಸಿ ಅಡ್ಡ ಹಿಡಿದರು. ಡಾಕ್ಟರು ಏನೆಂದರು ಎಂದು ಹೇಳಹೋದರೆ, "ಮೊದಲು ಕುಡಿಸು, ಮತ್ತೆ ಮಾತಾಡುವ" ಎಂದರು. ಮೇದಿನಿ ಗುಟುಕರಿಸುವ ಸದ್ದು ಕೇಳುತ್ತ ನಾನು ಆ ರಿಕ್ಷಾದಲ್ಲೇ ಸಂತೋಷಕ್ಕೆ ಅತ್ತೆ.

ಮಕ್ಕಳಿಗೆ ಸೋಂಕು ತಗಲದಿರಲಿ ಎಂದೇ ಈ ನಿಯಮ ಮಾಡಿರುವಿರಿ, ಒಪ್ಪಿದೆ. ಆದರೆ ಹಾಲು ಕುಡಿಯುವ ಕೂಸು ರೋಗಿಯನ್ನು ನೋಡಲು ಹಣ್ಣು ಹಿಡಿದು ಬಂದ ನೆಂಟನೇ? ಅಥವಾ ತಾಯಿ ತನ್ನ ಎದೆಯನ್ನು ಮನೆಯಲ್ಲಿ ಮಗುವಿನ ಬಳಿ ಬಿಟ್ಟು ಪರೀಕ್ಷೆಗೆ ಬರಬೇಕೇ? ಬ್ಯಾನರುಗಳಿಗೆ ಬೇರೆ ಜಾಗ ನೋಡಿ, ಬೀಗ ತೆಗೆಸಿ, ಎದೆಹಾಲು ಕುಡಿಯುವ ಮಕ್ಕಳನ್ನು ತಾಯಿಯ ಜೊತೆ ಒಳಗೆ ಬಿಡಿ. ನನ್ನ ಬೇಡಿಕೆ ಇಷ್ಟೇ.

ಸೋಮವಾರ ನಾನು ಮೇದಿನಿಯನ್ನು ಕರೆದುಕೊಂಡೇ ಬರುತ್ತೇನೆ. ಬೀಗ ತೆಗೆದಿದ್ದರೆ ಸದ್ದಿಲ್ಲದೆ ಆ ಕೋಣೆಗೆ ಹೋಗುತ್ತೇವೆ. ತೆಗೆದಿಲ್ಲವಾದರೆ ತಮ್ಮ ಕಚೇರಿಗೇ ಬರುತ್ತೇವೆ. ಅಲ್ಲಿ ಮೆತ್ತನೆಯ ಸೋಫಾ, ಎ.ಸಿ., ಬಾಗಿಲಿಗೆ ದಪ್ಪ ಪರದೆ ಎಲ್ಲ ಇದೆಯೆಂದು ಕೇಳಿದ್ದೇನೆ. ಅವಳ ಹೊಟ್ಟೆ ತುಂಬುವವರೆಗೆ ತಾವು ದಯವಿಟ್ಟು ಹೊರಗೆ ಕಾಯಬೇಕು. ಬಾಗಿಲಲ್ಲಿ ಅಮ್ಮ ನಿಂತಿರುತ್ತಾರೆ. ಹನ್ನೆರಡು ವರ್ಷ ಮೇಲ್ಪಟ್ಟ ಯಾರನ್ನೂ ಒಳಗೆ ಬಿಡಬಾರದೆಂದು ಅವರಿಗೆ ಆರ್ಡರ್ ಆಗಿದೆ.

ಇಂತಿ,
ಇನ್ನೊಂದು ಕೈ ಖಾಲಿಯಿಲ್ಲದೆ ಇಷ್ಟನ್ನೂ ಒಂದೇ ಕೈಯಲ್ಲಿ ಬರೆದ
ವಿಂಧ್ಯಾ, ಮಣಿನಗರ