ದೇವರ ಪಟ್ಟಿಯಲ್ಲಿ ಅಣ್ಣನ ಹೆಸರು

ತೊಯಾಮಾ
೧೧ ಅಕ್ಟೋಬರ್ ೧೯೯೮

ಪ್ರೀತಿಯ ಶೂಜೋ ಅಣ್ಣ,

ಹೇಗಿದ್ದೀಯ? ದಕ್ಷಿಣದ ದ್ವೀಪದ ಯುದ್ಧದಲ್ಲಿ ಇಪ್ಪತ್ತಕ್ಕೇ ತೀರಿಹೋದವನನ್ನು ಹೀಗೆ ಕೇಳಬಾರದೆಂದು ಗೊತ್ತು. ಆದರೂ ಕೊನೆಯ ಕಾಗದದಲ್ಲಿ ಬರೆದಿದ್ದ ಜ್ವರ ನಿನ್ನನ್ನು ಬಿಟ್ಟಿತೇ ಎಂಬ ಯೋಚನೆ ಐವತ್ತನಾಲ್ಕು ವರ್ಷವಾದರೂ ನನ್ನನ್ನು ಬಿಟ್ಟಿಲ್ಲ. ನನಗೆ ಅರವತ್ತೈದಾಯಿತು. ಮೊಣಕಾಲು ಹೇಳಿದ ಮಾತು ಕೇಳುವುದಿಲ್ಲ, ಬಾಯಿ ಮಾತ್ರ ಚುರುಕಾಗಿದೆ.

ಮಂಗಳವಾರ ನಗರದ ಯೋಧರ ದೇಗುಲಕ್ಕೆ ಹೋಗಿದ್ದೆ. ಯುದ್ಧದಲ್ಲಿ ಸತ್ತವರನ್ನೆಲ್ಲ ದೇವರೆಂದು ಬರೆದಿಟ್ಟಿರುವ ಅವರ ಪಟ್ಟಿಯಲ್ಲಿ ನೀನೂ ಇದ್ದೀಯ. ನಮ್ಮನ್ನು ಯಾರೂ ಕೇಳಲಿಲ್ಲ. ಅಮಿದ ಬುದ್ಧನಿಗಲ್ಲದೆ ಇನ್ಯಾರಿಗೂ ಕೈಮುಗಿಯದ ಮನೆ ನಮ್ಮದು. ಸಾಯುವ ತನಕ ಅಮ್ಮ ಅನ್ನುತ್ತಿದ್ದುದು ಒಂದೇ: "ನನ್ನ ಮಗ ದೇವರಾಗೋದು ಬೇಡ, ಮನೆಗೆ ಬಂದ್ರೆ ಸಾಕು." ಹೆಸರು ತೆಗೆಯಿರಿ ಎಂದೆ. ಅರ್ಚಕರು ಚಹಾ ಕೊಟ್ಟು, ಬಹಳ ವಿನಯದಿಂದ, "ಅಮ್ಮಾ, ದೇವರುಗಳ ಜೊತೆ ಒಂದ್ಸಲ ಕಲೆತವರನ್ನ ಬೇರೆ ಮಾಡೋಕಾಗಲ್ಲ. ತೊಟ್ಟಿಗೆ ಸುರಿದ ಲೋಟ ನೀರಿದ್ದ ಹಾಗೆ," ಎಂದರು. "ಮೂವತ್ತೈದು ವರ್ಷ ಮಕ್ಕಳಿಗೆ ಪಾಠ ಹೇಳಿದೋಳು ನಾನು. ಹಾಜರಿ ಪುಸ್ತಕದಲ್ಲಿ ಹೆಸರು ತೆಗೆಯೋಕೆ ಒಂದು ಗೀಟು ಸಾಕು. ಪೆನ್ನಿಲ್ದಿದ್ರೆ ನಂದೇ ತಗೊಳ್ಳಿ," ಎಂದೆ. ಅವರು ನಕ್ಕು ಇನ್ನಷ್ಟು ಚಹಾ ಬಗ್ಗಿಸಿದರು.

ಬೇರೆ ಮಾಡಲಾಗದಂತೆ. ಮುತ್ತಜ್ಜನ ಕಾಲದಲ್ಲಿ, ಸಾವಿರ ವರ್ಷ ಒಂದೇ ಅಂಗಳದಲ್ಲಿದ್ದ ಬುದ್ಧನನ್ನೂ ಈ ನಾಡಿನ ಹಳೆಯ ದೇವರುಗಳನ್ನೂ ಸರ್ಕಾರ ಒಂದು ಅಪ್ಪಣೆಯಲ್ಲಿ ಬೇರೆ ಮಾಡಿತಲ್ಲ. ಆಮೇಲೆ, ದೇಗುಲಕ್ಕೆ ತಲೆಬಾಗುವುದು ಧರ್ಮವೇ ಅಲ್ಲ, ಪ್ರಜೆಯ ಕರ್ತವ್ಯ ಎಂದರು. ಮಗನಿಗೆ ತಂದೆ ಹೇಗೋ ಪ್ರಜೆಗೆ ಚಕ್ರವರ್ತಿ ಹಾಗೆ ಎಂದು ಕನ್‌ಫ್ಯೂಷಿಯಸ್‌ನನ್ನೂ ಎಳೆತಂದರು. ನಮ್ಮ ಮಠದವರೇನು ಕಡಿಮೆ? ಯುದ್ಧಕ್ಕೆ ಹೋಗುವುದೇ ಬುದ್ಧನ ಋಣ ತೀರಿಸುವ ದಾರಿ ಎಂಬ ಪ್ರವಚನವನ್ನು ನಿನ್ನ ಪಕ್ಕದಲ್ಲೇ ಕೂತು ಕೇಳಿದ್ದೇನೆ. ಎಲ್ಲರೂ ಸೇರಿ ನಿನ್ನನ್ನು ಕರೆದೊಯ್ದರು. ನಿನ್ನ ಅಸ್ಥಿಯೆಂದು ತಿರುಗಿ ಬಂದ ಪೆಟ್ಟಿಗೆಯಲ್ಲಿ ನಿನ್ನ ಹೆಸರಿನ ಚೀಟಿ ಬಿಟ್ಟರೆ ಏನೂ ಇರಲಿಲ್ಲ.

ಉಪ್ಪು ಹಾಕಿದ ಮೂಲಂಗಿಯನ್ನು ಕರಕರ ಕಡಿದು ಅಪ್ಪನಿಂದ ಬೈಸಿಕೊಳ್ಳುತ್ತಿದ್ದೆ ನೀನು. ಆ ಸದ್ದಿಲ್ಲದ ಊಟ ನನಗೆ ಇಂದಿಗೂ ರೂಢಿಯಾಗಿಲ್ಲ. ದೇವರುಗಳ ಸಾಲಿನಲ್ಲಿ ಹಾಗೆ ತಿನ್ನಲು ಬಿಡುತ್ತಾರೆಯೇ?

ಅಪ್ಪ ಅಮ್ಮ ಅಲ್ಲಿ ಸಿಕ್ಕಿದ್ದರೆ ನನ್ನ ನಮಸ್ಕಾರ ತಿಳಿಸು.

ನಿನ್ನ ತಂಗಿ,
ಫುಸಾ

ತಾ.ಕ.: ಅರ್ಚಕರಿಗೆ ಹೇಳದೆ ಬಂದದ್ದೊಂದಿದೆ. ನೀನು ಹೊರಟ ದಿನ ಊರವರೆಲ್ಲ ಸಹಿ ಹಾಕಿ ನಿನ್ನ ಕೈಗಿತ್ತ ಬಾವುಟದ ಮೂಲೆಯಲ್ಲಿ, ಶಾಲೆಯಲ್ಲಿ ಹೇಳಿಕೊಟ್ಟಂತೆ, "ಅಣ್ಣ, ದೇವರಾಗು" ಎಂದು ಬರೆದವಳು ನಾನು. ಹನ್ನೊಂದು ವರ್ಷ ನನಗೆ. ನೀನು ಓದಿ, ತಲೆ ಸವರಿ, "ಅಕ್ಷರ ದುಂಡಗಿದೆ ಕಣೇ" ಅಂದೆ. ಅವರ ಪಟ್ಟಿಗೆ ನಿನ್ನನ್ನು ಮೊದಲು ಸೇರಿಸಿದ್ದು ನಾನೇ. ಬರುವ ಮಂಗಳವಾರ ಮತ್ತೆ ಹೋಗುತ್ತೇನೆ.