ಮೊದಲು ಒಳಗೆ ಹೋಗುವ ದೋಣಿ

ಗುಡ್ಡದ ಮೇಲಿನ ಶಾಲೆ, ಕಾರಿಯಾಕು ದ್ವೀಪ
ಸೆಪ್ಟೆಂಬರ್ ೯, ಗುರುವಾರ ಮಧ್ಯಾಹ್ನ

ಆಟ್ಲಿಗೆ,

ನಾನು ಚೆನ್ನಾಗಿದ್ದೇನೆ, ನಿನ್ನ ಅಮ್ಮ ಚೆನ್ನಾಗಿದ್ದಾರೆ, ದೋಣಿಯೂ ಇದೆ. ನಿನಗೆ ಬೇಕಾದದ್ದು ಇಷ್ಟೇ ಆದರೆ ಕಾಗದವನ್ನು ಇಲ್ಲಿಗೇ ಮಡಚಿಡು. ನಿನ್ನ ಹೆಸರಿಗೆ ಮೊದಲು ಕಾಣುವ ಕಲೆ ಶಾಯಿ ಸೋರಿದ್ದು. ಯಾವುದೋ ಪದ ಬರೆದು ಹೊಡೆದುಹಾಕಿದ್ದಲ್ಲ.

ನಿನ್ನ ತಂತಿ ಮಂಗಳವಾರ ಬಂತು. ದೋಣಿ ಜೋಪಾನ, ಅಮ್ಮ ಜೋಪಾನ ಎಂದು ಅಂಚೆಯ ಹುಡುಗಿ ಅದನ್ನು ಅಂಗಡಿ ಮುಂದೆ ನಿಂತು ಎಲ್ಲರಿಗೂ ಕೇಳುವ ಹಾಗೆ ಓದಿದಳು. ಆಮೇಲೆ ಕಾಗದದ ಹಿಂಬದಿಯನ್ನೂ ತಿರುಗಿಸಿ ನೋಡಿದಳು, ಪಾಪ, ಇನ್ನೇನಾದರೂ ಇರಬಹುದು ಎಂದು. ತಂತಿಯಲ್ಲಿ ಪದಪದಕ್ಕೂ ದುಡ್ಡು ಕೊಡಬೇಕು, ನನಗೆ ಗೊತ್ತು. ನನ್ನ ಹೆಸರು ಉದ್ದವೇ. ಇರಲಿ ಬಿಡು.

ನೀನಿರುವ ಟ್ರಿನಿಡಾಡಿಗೆ ಚಂಡಮಾರುತ ಬರುವುದಿಲ್ಲ, ದೇವರು ಅದೇ ಊರಿನವನು ಎಂದು ಅಲ್ಲಿಯವರು ಹೇಳಿಕೊಳ್ಳುತ್ತಾರಂತೆ. ಇರಬಹುದು. ನಮ್ಮ ಊರಿನವನಂತೂ ಅಲ್ಲ. ಈ ಸಲದ್ದು ನೇರವಾಗಿ ನಮ್ಮ ಮೇಲೆಯೇ ಬರುತ್ತದೆ, ಗುರುವಾರ ಕತ್ತಲಾದ ಮೇಲೆ ಬರುತ್ತದೆ ಎಂದು ರೇಡಿಯೋದವನು ಮಂಗಳವಾರದಿಂದ ಒಂದೇ ಸಮನೆ ಹೇಳುತ್ತಿದ್ದಾನೆ. ನಮ್ಮವರು ಕೇಳಿಸಿಕೊಂಡರು. ಕೇಳಿಸಿಕೊಂಡು ಡಾಮಿನೋ ಆಡಲು ಕೂತರು.

ಮನೆಯ ಕೆಲಸ ನಾನು ಬುಧವಾರ ಬೆಳಿಗ್ಗೆಯೇ ಮುಗಿಸಿದ್ದೆ. ತಗಡಿನ ಮೇಲೆ ಅಡ್ಡಡ್ಡ ಹಗ್ಗ ಎಳೆದು ಕಲ್ಲು ಕಟ್ಟಿದೆ. ಕಿಟಕಿಗಳಿಗೆ ಹಲಗೆ ಹೊಡೆದೆ. ಮಾಡಿನ ನೀರು ತೊಟ್ಟಿಗೆ ಇಳಿಯುವ ಕೊಳವೆಗೆ ಬಟ್ಟೆ ತುರುಕಿದೆ; ಗಾಳಿಯ ಜೊತೆ ಬರುವ ಉಪ್ಪುನೀರು ತೊಟ್ಟಿಗೆ ಬಿದ್ದರೆ ಮಳೆ ಬರುವ ತನಕ ಕುಡಿಯಲು ಏನಿದೆ? ಆಡುಗಳ ಹಗ್ಗ ಬಿಚ್ಚಿ ಬಿಟ್ಟೆ. ಈ ಊರಿನಲ್ಲಿ ಹೇಳದೆಯೇ ಗುಡ್ಡ ಹತ್ತಿ ಹೋದ ಪ್ರಾಣಿಗಳೆಂದರೆ ಅವು ಮಾತ್ರ.

ನಿನ್ನ ಅಮ್ಮ, ನಮ್ಮ ಮಾ, ಏನು ಮಾಡಿದರು ಗೊತ್ತೇ? ಬುಧವಾರ ಬೆಳಿಗ್ಗೆ ಕೊಡೆ ಹಿಡಿದು, ಮೀನಿನ ಪೆಟ್ಟಿಗೆ ಹೊತ್ತುಕೊಂಡು ಹೋಗಿ ಮರಳಿನ ಮೇಲೆ ನಮ್ಮ ದೋಣಿಯ ಪಕ್ಕ ಬೋರಲು ಹಾಕಿ ಕೂತರು. ನಮ್ಮ ದೋಣಿ ‘ಸಿಸ್ಟರ್ ಗ್ರೇಸ್’ ಉಪ್ಪುನೀರಿನಲ್ಲಿ ಬೇರು ಬಿಟ್ಟ ಕಾಂಡ್ಲಾ ಕಾಡಿನ ಮರೆಗೆ ಹೋಗುವ ತನಕ ತಾವು ಗುಡ್ಡ ಹತ್ತುವುದಿಲ್ಲವಂತೆ. ಜಾನೆಟ್ ಚಂಡಮಾರುತ ಬಂದ ವರ್ಷ ಆ ಮರಳು, ಅದರ ಹಿಂದಿನ ಮನೆಗಳು, ಚರ್ಚಿನ ಗಂಟೆ ಎಲ್ಲವನ್ನೂ ಸಮುದ್ರ ಎಳೆದುಕೊಂಡು ಹೋದದ್ದನ್ನು ಕಣ್ಣಾರೆ ಕಂಡವರು ಅವರು. ನಮಗೆ ಆ ಕಥೆ ಹೇಳಿ ಹೇಳಿ ಹೆದರಿಸಿದವರೂ ಅವರೇ. ಈಗ ಅದೇ ಜಾಗದಲ್ಲಿ ಕೊಡೆ ಹಿಡಿದು ಕೂತಿದ್ದಾರೆ.

ಊಟ ಒಯ್ದೆ, ತಿಂದರು. ಮನೆಗೆ ಬನ್ನಿ ಎಂದೆ, ಕಿವಿ ಕೇಳಿಸಲಿಲ್ಲ. ಸಂಜೆ ಟೀಚರ್ ಕಡ್ಜೋ ಅವರನ್ನೇ ಕರೆದುಕೊಂಡು ಹೋದೆ. ಶಾಲೆಯಲ್ಲಿ ಯಾವ ಮನೆಯವರು ಯಾವ ಕೋಣೆಯಲ್ಲಿ ಮಲಗಬೇಕು ಎಂದು ತೀರ್ಮಾನಿಸುವವರು ಈ ಸಲ ಅವರು, ಅವರ ಮಾತಿಗೆ ಪೊಲೀಸರೂ ಎದ್ದು ನಿಲ್ಲುತ್ತಾರೆ. ಮಾ ಕೂತಲ್ಲಿಂದಲೇ, ‘ನಿನ್ನ ಶಾಲೆ ಕಟ್ಟೋವಾಗ ಕಲ್ಲು ಹೊತ್ತೋಳು ನಾನು ಕಣೇ. ಅದೆಲ್ಲಿದೆ ಅಂತ ನಂಗೆ ದಾರಿ ತೋರಿಸ್ಬೇಡ’ ಅಂದರು. ಟೀಚರ್ ನನ್ನ ಮುಖ ನೋಡಿದರು. ನಾನು ಮರಳು ನೋಡಿದೆ. ನಿನಗೆ ನನ್ನ ಸ್ವಭಾವ ಗೊತ್ತಲ್ಲ.

ಹಾಗಾದರೆ ದೋಣಿಯನ್ನು ಒಳಗೆ ಹಾಕಿದರಾಯಿತಲ್ಲ ಅನ್ನುತ್ತೀಯ. ನೀನು ಇಲ್ಲಿ ಇಲ್ಲದ ಕಾರಣ ನಿನಗೆ ಹಾಗೆ ಅನಿಸುತ್ತದೆ. ಹೋದ ವರ್ಷ ನಡೆದದ್ದು ಕೇಳು. ಚಂಡಮಾರುತ ಬರುತ್ತದೆ ಎಂದರು. ಸಿಪ್ರಿಯನ್ ಒಳ್ಳೆಯವನ ಹಾಗೆ ತನ್ನ ದೋಣಿಯನ್ನು ಎಲ್ಲರಿಗಿಂತ ಮೊದಲು ಒಯ್ದು ಕಾಂಡ್ಲಾದ ತೀರಾ ಒಳಗೆ ಕಟ್ಟಿದ. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರು ಹೋದರು. ಕಾಲುವೆಯ ಅಗಲ ನಿನಗೆ ಗೊತ್ತು, ಒಂದು ದೋಣಿಗೆ ಸಾಕು, ಎರಡಕ್ಕೆ ಸಾಲದು. ಕೊನೆಯಲ್ಲಿ ಕ್ಯಾಪ್ಟನ್ ಬೆಥೆಲ್ ತನ್ನ ದೊಡ್ಡ ದೋಣಿಯನ್ನು ಬಾಯಿಗೆ ಅಡ್ಡವಾಗಿ ಬೂಚು ಹಾಕಿದ ಹಾಗೆ ಕಟ್ಟಿದ. ಗಾಳಿ ಉತ್ತರಕ್ಕೆ ತಿರುಗಿ ಹೋಯಿತು, ನಮಗೆ ನಾಲ್ಕು ಹನಿಯೂ ಬೀಳಲಿಲ್ಲ. ಕ್ಯಾಪ್ಟನ್ ಮಾತ್ರ ತಂಗಿಯ ಮಗಳ ಮದುವೆಗೆಂದು ಗ್ರೆನೇಡಾಕ್ಕೆ ಹೋಗಿ, ಅಲ್ಲಿ ಕುಡಿದು, ಕಾಲು ಉಳುಕಿಸಿಕೊಂಡು, ಅಲ್ಲೇ ಮಲಗಿದ. ಹೊರಗಿನ ಸಮುದ್ರ ಕನ್ನಡಿಯ ಹಾಗಿತ್ತು, ಮೀನು ಕುಣಿಯುತ್ತಿದ್ದವು. ಅವನಿಲ್ಲದೆ ಅವನ ದೋಣಿಯನ್ನು ಕದಲಿಸುವಂತಿಲ್ಲ, ಒಳಗೆ ಊರಿನ ದೋಣಿಗಳೆಲ್ಲ ಸೊಳ್ಳೆಗೆ ಆಹಾರವಾಗಿ ನಿಂತಿದ್ದವು. ಕೊನೆಗೆ ಕಾಲುವೆ ತೆರೆದಾಗಲೂ ಎಲ್ಲರ ನಂತರ ಹೊರಗೆ ಬಂದವನು ಸಿಪ್ರಿಯನ್. ಅಂದಿನಿಂದ ಊರಿನ ವೇದವಾಕ್ಯ ಒಂದೇ: ಮೊದಲು ಹೋದವನು ಕೊನೆಗೆ ಬರುತ್ತಾನೆ, ಆದ್ದರಿಂದ ನೀನು ಮೊದಲು ಹೋಗು.

ಬುಧವಾರವಿಡೀ ಬಾದಾಮಿ ಮರದ ಕೆಳಗೆ ಅದೇ ನಡೆಯಿತು. ಎಲ್ಲರ ದೋಣಿಗಳೂ ಸಿದ್ಧ, ಪಟ ಬಿಚ್ಚಿಟ್ಟಿದೆ, ಹಗ್ಗ ಸುತ್ತಿಟ್ಟಿದೆ. ಒಬ್ಬನೂ ಕದಲುವುದಿಲ್ಲ. ಅತ್ತಿಂದ ಒಬ್ಬ ಎದ್ದರೆ ಇತ್ತಿಂದ ಹತ್ತು ಮಂದಿ ಸಂತೋಷದಿಂದ ನೋಡುತ್ತಾರೆ, ಅವನು ಮೂತ್ರಕ್ಕೆ ಹೋಗಿ ಬಂದು ಮತ್ತೆ ಕೂರುತ್ತಾನೆ. ಮನೆ ಹಾರಿಹೋದರೂ ಚಿಂತೆಯಿಲ್ಲ, ಪಕ್ಕದವನ ದೋಣಿಗಿಂತ ಒಂದು ದಿನ ತಡವಾಗಿ ಮೀನಿಗೆ ಹೋಗಬಾರದು. ಇಂಥವರನ್ನು ಕಾಪಾಡಲು ದೇವರಿಗೂ ಬೇಸರ ಬರದಿರುತ್ತದೆಯೇ?

ನೀನೇ ಯಾಕೆ ಮೊದಲು ಒಯ್ಯಲಿಲ್ಲ ಎಂದು ಕೇಳಬಹುದು. ನೀನು ಹೋದ ಮೇಲೆ ಈ ಹದಿನಾಲ್ಕು ತಿಂಗಳು ನಾನು ಒಬ್ಬಳೇ ದೋಣಿಯನ್ನು ಹವಳದ ದಿಬ್ಬದ ತನಕ ಒಯ್ದು ಗಾಳ ಹಾಕಿ ಬಂದಿದ್ದೇನೆ, ಅದಕ್ಕೆ ಹೆದರುವುದಿಲ್ಲ. ಆದರೆ ಕಾಂಡ್ಲಾದೊಳಗೆ ಹೆಂಗಸರು ದೋಣಿ ಒಯ್ಯುವುದಿಲ್ಲ, ನನಗೆ ಅಲ್ಲಿಯ ದಾರಿ ಗೊತ್ತಿಲ್ಲ. ಮುಂದೆ ಹೋಗುವ ದೋಣಿಯೊಂದಿದ್ದರೆ ಅದರ ಹಿಂದೆ ಹೋಗುತ್ತಿದ್ದೆ. ಬೇರೆ ಕಾರಣವೂ ಇತ್ತು. ಅದು ಇಲ್ಲಿ ಬೇಡ.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಗಾಳಿಯೇ ಇಲ್ಲ. ಆದರೆ ಅಲೆಗಳು ಎಲ್ಲಿಂದಲೋ ಉದ್ದುದ್ದವಾಗಿ, ನಿಧಾನವಾಗಿ, ಬೇರೆಯವರ ಮನೆಗೆ ಬರುವ ಹಾಗೆ ಬರುತ್ತಿದ್ದವು. ಹಕ್ಕಿಗಳು ಕಾಣಲಿಲ್ಲ. ನೀರು ಬಂದು ಮಾ ಅವರ ಪಾದ ತೋಯಿಸಿತು. ಅವರು ಎದ್ದು, ಪೆಟ್ಟಿಗೆಯನ್ನು ಒಂದು ಮಾರು ಹಿಂದಕ್ಕೆ ಎಳೆದು, ಮತ್ತೆ ಕೂತರು. ನನಗೆ ಅಳು ಬಂತು. ಹೊತ್ತುಕೊಂಡು ಹೋಗೋಣವೆಂದರೆ ಅವರು ನನಗಿಂತ ದಪ್ಪ. ಕತ್ತಲಾಗುವುದರೊಳಗೆ ಅವರು ಗುಡ್ಡದ ಮೇಲೆ ಇರಬೇಕು. ಇರದಿದ್ದರೆ ನಾಳೆ ನಿನಗೆ ನಾನು ಕಳಿಸುವ ತಂತಿಯಲ್ಲಿ ಎಷ್ಟು ಪದ ಇರುತ್ತಿತ್ತು?

ಅದಕ್ಕೇ ಬಾದಾಮಿ ಮರದ ಹತ್ತಿರ ಹೋದೆ. ಗಂಡಸರ ಗುಂಪಿನ ಮುಂದೆ ನಿಂತು ನಾನು ಯಾವತ್ತೂ ಮಾತಾಡಿದವಳಲ್ಲ. ಬಹಳ ಹೊತ್ತು ಮರದ ಹಿಂದೆಯೇ ನಿಂತಿದ್ದೆ. ಆಮೇಲೆ ದಮ್ಮಯ್ಯ ಯಾರಾದರೂ ಒಬ್ಬರು ಹೊರಡಿ, ಹಿಂದೆ ನಾನು ಬರುತ್ತೇನೆ, ಮುದುಕಿ ಅಲ್ಲಿ ನೀರಿನಲ್ಲಿ ಕೂತಿದ್ದಾರೆ ಎಂದೆ. ಆಟ ನಿಂತಿತು. ಸಿಪ್ರಿಯನ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಡೆಲ್ಸೀನಾಗೆ ಬಾಯಿ ಬಂತು ಕಣ್ರಪ್ಪಾ. ಹಾಗಾದ್ರೆ ಗಾಳಿ ಬರೋದು ನಿಜ’ ಅಂದ. ಎಲ್ಲರೂ ನಕ್ಕರು. ಕ್ಯಾಪ್ಟನ್ ಬೆಥೆಲ್ ಟೋಪಿ ತೆಗೆದು, ‘ಹೆಂಗಸ್ರು ಮೊದ್ಲು ಹೋಗ್ಲಿ. ಚರ್ಚಲ್ಲೂ ಹಂಗೇ ಅಲ್ವಾ’ ಅಂದು ತಲೆ ಬಗ್ಗಿಸಿದ. ಅವರ ನಗು ಇನ್ನೂ ಜೋರಾಯಿತು.

ನನಗೆ ಯಾವಾಗಲೂ ಉತ್ತರ ಹೊಳೆಯುವುದು ಮನೆಗೆ ಹೋಗಿ ಪಾತ್ರೆ ತೊಳೆಯುವಾಗ. ನೇರವಾಗಿ ಮಾ ಅವರ ಹತ್ತಿರ ಬಂದು, ಅವರ ಕೊಡೆ ಕಿತ್ತು ದೋಣಿಯೊಳಗೆ ಎಸೆದೆ.

‘ಏಳಿ ಮಾ. ನಾವೇ ಹೋಗೋಣ. ನೀವು ಚುಕ್ಕಾಣಿ ಹಿಡೀರಿ, ನಂಗೆ ದಾರಿ ಗೊತ್ತಿಲ್ಲ.’

ಅವರು ಎದ್ದರು, ಆಟ್ಲಿ. ಎರಡು ದಿನದಿಂದ ಟೀಚರಿಗೂ ಸಮುದ್ರಕ್ಕೂ ಏಳದ ಹೆಂಗಸು, ಬಸ್ಸು ಬಂದಿತೆನ್ನುವ ಹಾಗೆ ಎದ್ದು, ಲಂಗ ಎತ್ತಿ ಕಟ್ಟಿ, ‘ಇಷ್ಟು ಹೊತ್ತು ಬೇಕಾಯ್ತಾ?’ ಅಂದರು. ಆಗ ನನಗೆ ಬಂದ ಸಿಟ್ಟಿನಲ್ಲಿ ದೋಣಿಯನ್ನು ಒಬ್ಬಳೇ ನೂಕಿ ನೀರಿಗೆ ಇಳಿಸಿದೆ.

ಕಾಂಡ್ಲಾದೊಳಗೆ ನಾನು ಮುಂದೆ ಗಳ ಊರುತ್ತಿದ್ದೆ, ಅವರು ಹಿಂದೆ ಚುಕ್ಕಾಣಿ. ಬಾಯಿಯ ಹತ್ತಿರ ನೀರಿಗೆ ಸ್ವಲ್ಪ ರಮ್ ಚೆಲ್ಲಿ ಹಿರಿಯರ ಹೆಸರು ಹೇಳಿದರು, ನಿನ್ನ ಅಪ್ಪನ ಹೆಸರು ಕೊನೆಗೆ. ರಮ್ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಅವರಿಗಾದರೂ ದಾರಿ ಗೊತ್ತಿದೆಯೇ ಎಂದು ಸಿಟ್ಟಿನಲ್ಲಿ ನಾನು ಯೋಚಿಸಿಯೇ ಇರಲಿಲ್ಲ; ಜಾನೆಟ್ ವರ್ಷ ನಿನ್ನ ಅಪ್ಪನ ಜೊತೆ ಒಳಗೆ ಹೋದವರು ಅವರೇ ಅಂತೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಎಡಕ್ಕೆ ಅಂದಲ್ಲಿ ಎಡಕ್ಕೆ ಒತ್ತಿದೆ, ತಲೆ ಬಗ್ಗಿಸು ಅಂದಲ್ಲಿ ಬಗ್ಗಿಸಿದೆ. ಒಂದು ಕಡೆ ಬೇರುಗಳು ಎರಡೂ ಬದಿಯಿಂದ ದೋಣಿಯನ್ನು ಉಜ್ಜುತ್ತಿದ್ದವು, ಅಲೆಯ ಸದ್ದು ಹಿಂದೆ ಎಲ್ಲೋ ಉಳಿದುಹೋಗಿತ್ತು. ಆಗ ಅವರು ಯಾರಿಗೋ ಹೇಳುವ ಹಾಗೆ, ‘ಮಗ ಹೋದ. ದೋಣಿ ಹೋಗ್ಲಿಲ್ಲ. ಇನ್ನು ಯಾರು ಹೋಗ್ತಾರೆ, ಯಾರು ಇರ್ತಾರೆ, ನೋಡೋಣ’ ಅಂದರು. ನಾನು ಹಿಂತಿರುಗಿ ನೋಡಲಿಲ್ಲ. ಗಳ ಕೆಸರಿನಲ್ಲಿ ಸಿಕ್ಕಿತ್ತು.

ತೀರಾ ಒಳಗಿನ ಕೊಳದಲ್ಲಿ ಕಟ್ಟಿದೆವು. ಎಲ್ಲ ದಿಕ್ಕಿನ ಬೇರುಗಳಿಗೂ ಹಗ್ಗ ಹೋಗಿದೆ, ಜೇಡರ ಬಲೆಯ ನಡುವೆ ಕೂತ ಹಾಗಿದೆ. ಕಂಬ ಇಳಿಸಿ ಮಲಗಿಸಿದೆವು. ಆಮೇಲೆ ಮಾ ತಾವೇ ಕೈ ಹಾಕಿ ತಳದ ಬಿರಡೆ ಕಿತ್ತರು. ನೀರು ತುಂಬಿ ದೋಣಿ ನಿಧಾನವಾಗಿ ಕೆಸರಿನ ಮೇಲೆ ಕೂತಿತು. ಮುಳುಗಿದ್ದನ್ನು ಗಾಳಿ ಎತ್ತಿಕೊಂಡು ಹೋಗುವುದಿಲ್ಲ. ನನ್ನ ಅಪ್ಪ ಕೊಟ್ಟ ಹಲಗೆ, ನಿನ್ನ ಕೈಕೆಲಸ, ಅಂಚಿನ ತನಕ ನೀರಿನೊಳಗೆ. ನೋಡಲು ಚೆನ್ನಾಗಿರಲಿಲ್ಲ.

ಅಲ್ಲಿಂದ ಮುಳ್ಳಿನ ನಡುವೆ ಕಾಲುದಾರಿ ಹಿಡಿದರೆ ಶಾಲೆಯ ಹಿಂಭಾಗಕ್ಕೇ ಬರುತ್ತದೆ. ಮಾ ನನ್ನ ಭುಜ ಹಿಡಿದು ಹತ್ತಿದರು, ಮಂಡಿಯನ್ನೂ ಸರ್ಕಾರವನ್ನೂ ನಿನ್ನನ್ನೂ ಬೈಯುತ್ತ.

ಅರ್ಧ ಗುಡ್ಡದಿಂದ ತಿರುಗಿ ನೋಡಿದರೆ ಕೆಳಗೆ ಬೇರೆಯೇ ನಾಟಕ. ಮೊದಲನೆಯವರು ಯಾರೆಂದು ತೀರ್ಮಾನವಾಯಿತಲ್ಲ, ಈಗ ಎಲ್ಲರಿಗೂ ಎರಡನೆಯವರಾಗಬೇಕು. ಸಿಪ್ರಿಯನ್ನನದೂ ಇನ್ನೊಬ್ಬನದೂ ದೋಣಿಗಳು ಒಟ್ಟಿಗೇ ಕಾಲುವೆಗೆ ನುಗ್ಗಿ, ಬಾಗಿಲಲ್ಲಿ ಸಿಕ್ಕಿಕೊಂಡ ಇಬ್ಬರು ಬೀಗರ ಹಾಗೆ ಅಲುಗಾಡದೆ ನಿಂತಿದ್ದವು. ಕ್ಯಾಪ್ಟನ್ ಬೆಥೆಲ್ ಸೊಂಟದ ತನಕ ನೀರಿನಲ್ಲಿ ನಿಂತು ಇಬ್ಬರ ಅಮ್ಮಂದಿರನ್ನೂ ಸ್ಮರಿಸುತ್ತಿದ್ದ. ಮಾ ಕೂತು ನೋಡಬೇಕೆಂದರು. ನಾನು ಬಿಡಲಿಲ್ಲ.

ಈಗ ಎಲ್ಲ ದೋಣಿಗಳೂ ಒಳಗಿವೆ. ಕ್ಯಾಪ್ಟನ್ ಬೂಚು ಹಾಕಿಯಾಯಿತು. ಈ ಸಲ ಊರು ಬಿಟ್ಟು ಹೋಗುವುದಿಲ್ಲವೆಂದು ಟೀಚರ್ ಬೈಬಲ್ಲಿನ ಮೇಲೆ ಅವನ ಕೈ ಇಡಿಸಿದ್ದಾರೆ. ನಾವು ಚಿಕ್ಕ ಮಕ್ಕಳ ಕೋಣೆಯಲ್ಲಿದ್ದೇವೆ. ನಾನು ಐದನೆಯ ತರಗತಿಯ ತನಕ ಓದಿದ್ದು ಇದೇ ಶಾಲೆಯಲ್ಲಿ, ಈ ಬೆಂಚುಗಳಲ್ಲಿ ನನ್ನ ಮಂಡಿ ಈಗ ಹಿಡಿಸುವುದಿಲ್ಲ. ಬ್ರೆಡ್‌ಫ್ರೂಟ್ ಸುಟ್ಟದ್ದು, ಜೋಳದ ಹಿಟ್ಟು, ತೊಗರಿಕಾಳು ಇವೆ. ಸಿಪ್ರಿಯನ್ ಪಕ್ಕದಲ್ಲೇ ಇದ್ದಾನೆ, ನನ್ನ ಕಡೆ ನೋಡುತ್ತಿಲ್ಲ. ಗಾಳಿ ಈಗ ತಾನೇ ತಗಡಿನ ಕೆಳಗೆ ಬೆರಳು ಹಾಕಿ ನೋಡಲು ಶುರು ಮಾಡಿದೆ. ಈ ಕಾಗದ ಯಾವ ದೋಣಿಯಲ್ಲಿ, ಯಾವಾಗ ನಿನ್ನ ಹತ್ತಿರ ಬರುತ್ತದೋ ಗೊತ್ತಿಲ್ಲ. ಮೇಲೆ ಚೆನ್ನಾಗಿದ್ದೇವೆ ಎಂದು ಬರೆದದ್ದು ಈ ಹೊತ್ತಿನ ಮಟ್ಟಿಗೆ.

ನೀನು ಚೆನ್ನಾಗಿ ಊಟ ಮಾಡು. ನಿನಗೆ ಬೈಯಲು ಇನ್ನೂ ಇದೆ, ಕಾಗದ ಮುಗಿಯಿತು.

ಇನ್ನೂ ನಿನ್ನ ಮನೆಯ ಹೆಸರನ್ನೇ ಹೇಳಿಕೊಳ್ಳುವ,
ಡೆಲ್ಸೀನಾ

ತಾ.ಕ.: ಟೀಚರ್ ಇನ್ನೊಂದು ಹಾಳೆ ಕೊಟ್ಟರು. ಮಾ ಅವರಿಗೆ ಓದು ಬಾರದಲ್ಲ, ಏನು ಬರೆದಿದ್ದೀಯ ಓದು ಎಂದರು. ಓದಿದೆ. ದಪ್ಪ ಎಂದದ್ದನ್ನು ಬಿಟ್ಟು ಎಲ್ಲ ಓದಿದೆ. ಅವರು ಕಣ್ಣು ಮುಚ್ಚಿ ಕೇಳಿ, ‘ಶನಿವಾರ ಬರೋನ ವಿಷ್ಯ ಎಲ್ಲಿ?’ ಅಂದರು.

ಆದ್ದರಿಂದ ಬರೆಯುತ್ತೇನೆ. ಪಕ್ಕದ ಪೆಟೀಟ್ ಮಾರ್ಟಿನಿಕ್ ದ್ವೀಪದ ಒಬ್ಬನಿಗೆ ಸಿಸ್ಟರ್ ಗ್ರೇಸನ್ನು ಮಾರಲು ಮಾತಾಗಿತ್ತು. ಶನಿವಾರ ಬಂದು ಒಯ್ಯಬೇಕಿತ್ತು. ನಾನು ಸೇಂಟ್ ವಿನ್ಸೆಂಟಿನಲ್ಲಿರುವ ಅಕ್ಕನ ಹತ್ತಿರ ಹೋಗುವವಳಿದ್ದೆ. ಈಗ ದೋಣಿ ಊರಿನ ಎಲ್ಲ ದೋಣಿಗಳ ಹಿಂದೆ ಕೆಸರಿನಲ್ಲಿ ಕೂತಿದೆ. ಅವನು ಅಷ್ಟು ದಿನ ಕಾಯುವವನಲ್ಲ.

ನಾನು ಯಾರಿಗೂ ಹೇಳಿರಲಿಲ್ಲ. ಅವರಿಗೆ ಬುಧವಾರಕ್ಕೆ ಮೊದಲೇ ಗೊತ್ತಿತ್ತಂತೆ. ಹಾಗಾದರೆ ಗಾಳಿಗಾಗಿ ಅಲ್ಲ, ನನಗಾಗಿ ನೀರಿನಲ್ಲಿ ಕೂತಿರಾ, ನಾನು ಬರದೇ ಇದ್ದಿದ್ದರೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ ಕೇಳಿದೆನಂತೆ. ಅವರು ಕಂಬಳಿ ಎಳೆದುಕೊಂಡು ಹೇಳಿದರು: ‘ನೀನು ಬರ್ತೀಯ ಅಂತ ಗೊತ್ತಿತ್ತು. ಬರ್ಬೇಕಾದೋನು ಮಗ ಆಗಿದ್ದಿದ್ರೆ ನಾನು ಮಂಗಳವಾರವೇ ಗುಡ್ಡ ಹತ್ತಿರ್ತಿದ್ದೆ.’

ಇದನ್ನೂ ಬರೆ ಎಂದರು. ಬರೆದಿದ್ದೇನೆ.