ಅಮ್ಮನ ಮಾನಿಟರ್

ಮನೆಯಿಂದ,
ಹದಿನೆಂಟನೇ ತಾರೀಖು, ಗುರುವಾರ ಬೆಳಗ್ಗೆ

ಪ್ರೀತಿಯ ಅಣ್ಣ,

ಹೇಗಿದ್ದೀಯ? ಎಂಜಿನ್ ರೂಮಿನ ಸೆಕೆಗೆ ಮೈಮೇಲೆ ಎದ್ದಿದ್ದ ಗುಳ್ಳೆಗಳು ಒಣಗಿದವೇ? ಹಡಗಿನಲ್ಲಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡು, ನಿನ್ನ ಹೊಟ್ಟೆನೋವಿನ ಕಥೆ ನನಗೆ ಹೊಸದಲ್ಲ. ಮುಂದಿನ ಬಂದರಿನಲ್ಲಿ ಇಳಿದು ಬಂದುಬಿಡಲಾ ಎಂದು ಕೇಳಿದ್ದೆಯಲ್ಲ, ಅದಕ್ಕೆ ಅಮ್ಮ ಭಾನುವಾರ ‘ಬೇಡ, ಕೆಲಸ ಮುಗಿಸಿಯೇ ಬರಲಿ’ ಎಂದು ಟೈಪ್ ಮಾಡಿದ್ದನ್ನು ಆಗಲೇ ಕಳಿಸಿದ್ದೇನೆ. ಆಮೇಲೆ ನಡೆದದ್ದನ್ನು ಪೂರ್ತಿ ಓದು, ಬೈಯುವುದಿದ್ದರೆ ಕೊನೆಯಲ್ಲಿ ಬೈಯಿ.

ಲಕ್ವ ಹೊಡೆದು ಮಾತು ಬಿದ್ದುಹೋದ ಅಮ್ಮ ಒಂದೇ ಬೆರಳಲ್ಲಾದರೂ ಮಾತಾಡಲಿ ಎಂದು ನಿನ್ನ ಲಿನಕ್ಸ್ ಲ್ಯಾಪ್‌ಟಾಪಿನ ಒಡೆದ ಪರದೆ ಮುಚ್ಚಿ, ದೊಡ್ಡ ಮಾನಿಟರ್ ಜೋಡಿಸಿ, ಅಂಗೈಯಗಲದ ಅಕ್ಷರ ಬರುವ ಹಾಗೆ ಮಾಡಿಟ್ಟು ಹೋದವನು ನೀನು. ಅಪ್‌ಡೇಟ್ ಕೇಳಿದರೆ ಒತ್ತಬೇಡ ಎಂದು ಹತ್ತು ಸಲ ಹೇಳಿದವನೂ ನೀನೇ. ಭಾನುವಾರ ಸಂಜೆ ಒತ್ತಿಬಿಟ್ಟವಳು ನಾನು. ಸೋಮವಾರದಿಂದ ಮಾನಿಟರ್ ಮಿಣುಕುವುದು, ಅಡ್ಡಗೆರೆ ಬರುವುದು, ಒಂದೆರಡು ನಿಮಿಷದಲ್ಲಿ ಪೂರ್ತಿ ಕಪ್ಪಾಗುವುದು. ಕೇಬಲ್ ಬದಲಿಸಿದೆ. ಲ್ಯಾಪ್‌ಟಾಪನ್ನು ಪಕ್ಕದ ಮನೆ ಮೇಷ್ಟ್ರ ಟಿವಿಗೆ ಸಿಕ್ಕಿಸಿ ನೋಡಿದೆ, ಅಲ್ಲೂ ಅದೇ ಗೋಳು. ಸೆಟ್ಟಿಂಗಿನಲ್ಲಿ ಪರದೆಯ ರಿಫ್ರೆಶ್ ರೇಟ್ ಅರವತ್ತರಿಂದ ಮೂವತ್ತಕ್ಕೆ ಇಳಿಸಿದೆ, ಮಿಣುಕು ಕಡಿಮೆಯಾಯಿತೇ ಹೊರತು ಕಪ್ಪಾಗುವುದು ನಿಲ್ಲಲಿಲ್ಲ. ಪ್ರತಿ ಸಲವೂ ಲ್ಯಾಪ್‌ಟಾಪೇ ಸತ್ತಿತೆಂದುಕೊಂಡು ಪವರ್ ಗುಂಡಿ ಒತ್ತಿ ಹಿಡಿದು ಆರಿಸುತ್ತಿದ್ದೆ. ಮತ್ತೆ ಆನ್ ಮಾಡಿದರೆ ಎದುರಿಗೆ ಖಾಲಿ ಹಾಳೆ.

ಪರದೆ ಕಪ್ಪಾದರೂ ಅಮ್ಮನ ಬೆರಳು ಮಾತ್ರ ಕುಟ್ಟುತ್ತಲೇ ಇರುತ್ತಿತ್ತು. ನನಗೆ ರೇಗಿತು. “ಏನೂ ಕಾಣ್ತಿಲ್ಲ, ಯಾರಿಗಮ್ಮ ಬರೀತಿದೀಯ? ಸುಮ್ನೆ ಮಲ್ಕೋ” ಎಂದು ಮಂಗಳವಾರ ಕೀಬೋರ್ಡನ್ನೇ ಅವಳ ತೊಡೆಯಿಂದ ಕಿತ್ತು ಬೀರುವಿನ ಮೇಲಿಟ್ಟೆ. ಅವಳು ಮಂಚದ ಅಂಚಿನ ಮೇಲೆ ಕುಟ್ಟತೊಡಗಿದಳು. ನಾನು ನೋಡಿಯೂ ನೋಡದವಳ ಹಾಗೆ ಕೇಬಲ್ ತಿರುಚುತ್ತ ಕೂತಿದ್ದೆ.

ನಿನ್ನೆ ಮಧ್ಯಾಹ್ನ ಅವಳಿಗೆ ಮತ್ತೆ ಲಕ್ವ ಹೊಡೆಯಿತು. ಈಗ ಆ ಬೆರಳೂ ಆಡುವುದಿಲ್ಲ. ಡಾಕ್ಟರು ನೋಡಿ, ಹೆಚ್ಚೆಂದರೆ ಹತ್ತು ದಿನ ಎಂದರು. ಕಣ್ಣು ಬಿಡುತ್ತಾಳೆ, ನನ್ನ ಗುರುತು ಹಿಡಿಯುತ್ತಾಳೆ. ಇವತ್ತು ಬೆಳಗ್ಗೆ ಲ್ಯಾಪ್‌ಟಾಪ್ ಕೆಟ್ಟರೆ ಏನು ಮಾಡಬೇಕೆಂದು ನೀನು ಬರೆದು ಗೋಡೆಗೆ ಅಂಟಿಸಿದ್ದ ಚೀಟಿಯನ್ನು ಕೊನೆಯ ಸಾಲಿನವರೆಗೂ ಓದಿದೆ. ಅದರಲ್ಲಿದ್ದಂತೆ, ಲ್ಯಾಪ್‌ಟಾಪ್ ಶುರುವಾಗುವಾಗ ಬರುವ ಪಟ್ಟಿಯಲ್ಲಿ ಅಪ್‌ಡೇಟಿಗೆ ಮುಂಚಿನ ಹಳೆಯ ಕರ್ನಲ್, ಅಂದರೆ ಲಿನಕ್ಸಿನ ಹಳೆಯ ತಿರುಳನ್ನು, ಆಯ್ದುಕೊಂಡೆ. ಎರಡು ನಿಮಿಷದ ಕೆಲಸ. ಮಾನಿಟರ್ ಆಗಿನಿಂದ ಒಂದು ಸಲವೂ ಮಿಣುಕಿಲ್ಲ.

ಮೇಷ್ಟ್ರು ನಿನ್ನನ್ನು ಕೇಳಿದರು. ಮೈ ಕಡೆ ಗಮನವಿರಲಿ.

ನಿನ್ನ ತಂಗಿ,
ಸಿಡುಕುಮೂತಿ

ತಾ.ಕ.: ಇದನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಕಪ್ಪಾಗಿದ್ದದ್ದು ಪರದೆ ಮಾತ್ರ, ಲ್ಯಾಪ್‌ಟಾಪ್ ನಡೆಯುತ್ತಲೇ ಇತ್ತು. ಅವಳು ಕುಟ್ಟಿದ್ದೆಲ್ಲ ತಾನಾಗಿಯೇ ಸೇವ್ ಆಗಿದೆ, ಈಗ ತಾನೇ ಸಿಕ್ಕಿತು. ಒಟ್ಟು ಒಂಬತ್ತು ಹಾಳೆ. ಎಲ್ಲದರಲ್ಲೂ ತಪ್ಪುತಪ್ಪಾಗಿ ಒಂದೇ ಮಾತು: ‘ಬೇಡ ಅಂದಿದ್ದು ಸುಳ್ಳು. ಅವನಿಗೆ ಬಾ ಅನ್ನು.’ ಒಂಬತ್ತನೆಯದು ಅರ್ಧಕ್ಕೆ ನಿಂತಿದೆ, ನಾನು ಕೀಬೋರ್ಡ್ ಕಿತ್ತುಕೊಂಡದ್ದು ಅಲ್ಲೇ. ಹಡಗಿನಿಂದ ಇಳಿದುಬಿಡು ಅಣ್ಣ.